ಒಂದೇ ಹೆಸರಿನ ಎರಡು ಸಿಗಾರ್

ಮಾರುಕಟ್ಟೆಯಲ್ಲಿ ಒಂದು ಹೆಸರಿಗೆ ಒಬ್ಬನೇ ಒಡೆಯ ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಕ್ಯೂಬಾ ದೇಶದ ಸಿಗಾರ್‌ಗಳ ಇತಿಹಾಸ ಈ ತಿಳಿವಳಿಕೆಯನ್ನು ಅಲುಗಾಡಿಸುತ್ತದೆ.

ಸಿಗಾರ್ ಎಂದರೆ ಕಾಗದವಿಲ್ಲದೆ, ತಂಬಾಕಿನ ಎಲೆಯಿಂದಲೇ ಸುತ್ತಿದ ದಪ್ಪ ಚುಟ್ಟಾ. ಒಳಗೆ ತುಂಬುವ ಎಲೆ, ಅದನ್ನು ಬಿಗಿಯುವ ಎಲೆ, ಹೊರಹೊದಿಕೆಯ ಎಲೆ ಎಂದು ಅದರಲ್ಲಿ ಮೂರು ಪದರಗಳು. ಕ್ಯೂಬಾದ ಪಶ್ಚಿಮ ಭಾಗದ ವುಯೆಲ್ತಾ ಅಬಾಹೊ ಪ್ರದೇಶದ ಎಲೆ ಇದಕ್ಕೆ ಹೆಸರುವಾಸಿ. 19ನೆಯ ಶತಮಾನದಲ್ಲಿ ಸಿಗಾರ್‌ಗೆ ಒಡೆಯನ ಹೆಸರನ್ನೇ ಇಡುವ ರೂಢಿಯಿತ್ತು. 1845ರ 'ಪಾರ್ತಗಾಸ್' ಅಂಥದ್ದು. 1935ರಲ್ಲಿ ಬಂದ 'ಮಾಂಟೆ ಕ್ರಿಸ್ಟೊ' ಹೆಸರಿನ ಹಿನ್ನೆಲೆ ಬೇರೆ. ಹವಾನಾದ ಕಾರ್ಖಾನೆಗಳಲ್ಲಿ ಸಿಗಾರ್ ಸುತ್ತುವವರಿಗೆ ಪತ್ರಿಕೆ, ಕಾದಂಬರಿಗಳನ್ನು ಗಟ್ಟಿಯಾಗಿ ಓದಿ ಹೇಳುವ ಪದ್ಧತಿ 1865ರಿಂದ ಬೆಳೆದುಬಂದಿತ್ತು. ಕೆಲಸಗಾರರ ಮೆಚ್ಚಿನ ಡ್ಯೂಮಾನ ಕಾದಂಬರಿಯಿಂದಲೇ ಈ ಹೆಸರು ಹುಟ್ಟಿತೆಂದು ಹೇಳುತ್ತಾರೆ.

1959ರಲ್ಲಿ ಕ್ರಾಂತಿಯಾಯಿತು. 1960ರ ಸೆಪ್ಟೆಂಬರಿನಲ್ಲಿ ಫಿಡೆಲ್ ಕ್ಯಾಸ್ಟ್ರೊ ಸರ್ಕಾರ ಸಿಗಾರ್ ಕಾರ್ಖಾನೆಗಳನ್ನು ರಾಷ್ಟ್ರೀಕರಿಸಿತು. ಹಲವು ಒಡೆಯರು ದೇಶ ಬಿಟ್ಟರು. ಕಟ್ಟಡ, ಯಂತ್ರ, ಹೊಲ ಎಲ್ಲವೂ ಅಲ್ಲೇ ಉಳಿದವು. ಅವರು ಹೊತ್ತೊಯ್ಯಬಹುದಾಗಿದ್ದುದು ಹೆಸರೊಂದನ್ನೇ. 1962ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಕ್ಯೂಬಾದೊಡನೆ ವ್ಯಾಪಾರವನ್ನು ನಿಷೇಧಿಸಿದರು. ಅಮೆರಿಕದ ಕಾನೂನು ಹಳೆಯ ಒಡೆಯರ ಹಕ್ಕನ್ನು ಮಾನ್ಯ ಮಾಡಿತು. ಅವರಿಂದ ಹೆಸರನ್ನು ಪಡೆದ ಕಂಪನಿಗಳು ಮುಂದೆ ಡೊಮಿನಿಕನ್ ಗಣರಾಜ್ಯದಲ್ಲಿ ಸಿಗಾರ್ ತಯಾರಿಸತೊಡಗಿದವು. ಹೀಗಾಗಿ ನ್ಯೂಯಾರ್ಕಿನ ಅಂಗಡಿಯ ಮಾಂಟೆ ಕ್ರಿಸ್ಟೊ ಒಂದು, ಲಂಡನ್ನಿನದು ಇನ್ನೊಂದು. ಹೆಸರು ಒಂದೇ, ಬೆಳೆದ ಮಣ್ಣು ಬೇರೆ. ಬೀಜವನ್ನು ಕಡಲಾಚೆಗೆ ಒಯ್ಯಬಹುದು. ಎಲೆಯ ಗುಣವನ್ನು ತಿದ್ದುವ ಮಣ್ಣು, ತೇವ, ಬಿಸಿಲುಗಳನ್ನು ಒಯ್ಯಲಾಗದು.

'ಕೊಹೀಬಾ' ಕಥೆ ಇನ್ನೂ ವಿಚಿತ್ರ. ಇದಕ್ಕೆ ದೇಶ ಬಿಟ್ಟ ಒಡೆಯನೇ ಇರಲಿಲ್ಲ. 1966ರಲ್ಲಿ ಕ್ಯೂಬಾ ಸರ್ಕಾರವೇ ಇದನ್ನು ಆರಂಭಿಸಿತು. ಮೊದಲು ಕ್ಯಾಸ್ಟ್ರೊ ಮತ್ತು ವಿದೇಶಿ ಅತಿಥಿಗಳಿಗೆ ಮೀಸಲಾಗಿದ್ದು, 1982ರಲ್ಲಿ ಮಾರುಕಟ್ಟೆಗೆ ಬಂತು. ಅಷ್ಟರಲ್ಲಿ, 1981ರಲ್ಲೇ, ಅಮೆರಿಕದ ಜನರಲ್ ಸಿಗಾರ್ ಕಂಪನಿ ಆ ಹೆಸರನ್ನು ತನ್ನದೆಂದು ನೋಂದಾಯಿಸಿತ್ತು! 1997ರಲ್ಲಿ ಶುರುವಾದ ವ್ಯಾಜ್ಯ ಕಾಲು ಶತಮಾನ ನಡೆದು, 2022ರಲ್ಲಿ ಅಮೆರಿಕದ ಟ್ರೇಡ್‌ಮಾರ್ಕ್ ಮಂಡಳಿ ಆ ನೋಂದಣಿಯನ್ನು ರದ್ದುಪಡಿಸಿತು. ಆದರೆ ವ್ಯಾಪಾರ ನಿಷೇಧ ಮಾತ್ರ ತೆರವಾಗಿಲ್ಲ.

ಹಾಗಾದರೆ ಹೆಸರು ಯಾರದು? ಮೊದಲು ಇಟ್ಟವನದೆ, ದಾಖಲೆ ಮಾಡಿಸಿಕೊಂಡವನದೆ, ಅಥವಾ ಎಲೆ ಬೆಳೆದ ನೆಲದ್ದೆ? ನ್ಯಾಯಾಲಯಗಳು ಒಡೆಯರ ಹಾಗೂ ಸರ್ಕಾರದ ಹಕ್ಕನ್ನು ಅಳೆದು ತೂಗಿವೆ. ಕಥೆ ಕೇಳುತ್ತ ಎಲೆ ಸುತ್ತಿ ಆ ಹೆಸರಿಗೆ ಬೆಲೆ ತಂದವರ ಪಾಲನ್ನು ಯಾರೂ ಎಣಿಸಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ತಕರಾರಿಲ್ಲ. ಯಾವ ಹೆಸರಿನ ಸಿಗಾರಿನ ಹೊಗೆಯಲ್ಲೂ ಕ್ಯಾನ್ಸರ್‌ಕಾರಕ ರಾಸಾಯನಿಕಗಳಿವೆ. ಸಿಗಾರಿನಿಂದಲೇ ಜಗತ್ತಿಗೆ ಗುರುತಾಗಿದ್ದ ಕ್ಯಾಸ್ಟ್ರೊ 1985ರಲ್ಲಿ ಅದನ್ನು ಬಿಟ್ಟರು. ಜನರಿಗೆ ಬಿಡಿರೆಂದು ಹೇಳಬೇಕಾದರೆ ಮೊದಲು ತಾನು ಬಿಡಬೇಕೆಂಬುದು ಅವರಿಗೆ ಮನವರಿಕೆಯಾಗಿತ್ತು.