ದಾನವು ಬಂಡವಾಳವಾದ ಬಗೆ

ಐಶ್ವರ್ಯವಂತನಿಗೆ ದೇವರ ರಾಜ್ಯದ ಪ್ರವೇಶ ಕಷ್ಟವೆಂದು ಯೇಸು ಬೋಧಿಸಿದನು. ಆದರೂ ಐಶ್ವರ್ಯವೇ ದೈವಕೃಪೆಯ ಗುರುತೆಂದು ಸಾರುವ ಕ್ರೈಸ್ತ ಪಂಥವೊಂದು ಅಮೆರಿಕದಲ್ಲಿ ಬೆಳೆದುಬಂದಿತು. ಇದರ ಬೇರುಗಳು ಹಳೆಯವು. ಫಿಲಡೆಲ್ಫಿಯಾದ ಬ್ಯಾಪ್ಟಿಸ್ಟ್ ಪಾದ್ರಿ ರಸೆಲ್ ಕಾನ್‌ವೆಲ್, ಹಣ ಗಳಿಸುವುದು ಧರ್ಮವಂತನ ಕರ್ತವ್ಯವೆಂಬ ಒಂದೇ ಉಪನ್ಯಾಸವನ್ನು ಸುಮಾರು 6,000 ಬಾರಿ ಮಾಡಿದನು. ಕೇಳುವ ಕಿವಿಗಳಿಗೆ ಅದು ಎಷ್ಟು ಹಿತವಾಗಿದ್ದಿರಬೇಕು!

ಈ ಮಾತಿಗೆ ವ್ಯವಹಾರದ ರೂಪ ಕೊಟ್ಟವನು ಓಕ್ಲಹೋಮದ ಓರಲ್ ರಾಬರ್ಟ್ಸ್. ಬಡತನದಲ್ಲಿ ಬೆಳೆದ ಆತನಿಗೆ ದಾರಿದ್ರ್ಯವು ಪುಣ್ಯವೆಂದು ತೋರಲಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕಾಣಿಕೆಯೆಂಬುದು ಬಿತ್ತಿದ ಬೀಜ, ಅದು ಹಲವು ಮಡಿಯಾಗಿ ಮರಳುವುದು ಎಂದು ಆತನು ದೂರದರ್ಶನದಲ್ಲಿ ಬೋಧಿಸಿದಾಗ ದಾನವು ಬಂಡವಾಳವಾಯಿತು. ಬೆಳೆ ಬಾರದಿದ್ದರೆ ಕೊರತೆ ಬಿತ್ತಿದವನ ವಿಶ್ವಾಸದ್ದೇ ಹೊರತು ಪಡೆದವನದಲ್ಲ. 1987ರಲ್ಲಿ, 80 ಲಕ್ಷ ಡಾಲರು ಕೂಡದಿದ್ದರೆ ದೇವರು ತನ್ನನ್ನು ಕರೆದುಕೊಳ್ಳುವನೆಂದು ಆತನು ಸಾರಿದನು. ಕೊನೆಯ ದೊಡ್ಡ ಮೊತ್ತವನ್ನು ನೀಡಿದವನು ನಾಯಿಗಳ ಓಟದ ಜೂಜಿನ ಮೈದಾನಗಳ ಒಡೆಯ!

ಜಿಮ್ ಬೇಕರ್ ಇನ್ನೂ ಮುಂದೆ ಹೋದನು. ದಕ್ಷಿಣ ಕ್ಯಾರೊಲೈನಾದಲ್ಲಿ ಆತನು ಕಟ್ಟಿದ 'ಹೆರಿಟೇಜ್ ಯು.ಎಸ್.ಎ.'ಯಲ್ಲಿ ಪ್ರಾರ್ಥನೆಯ ಜೊತೆಗೆ ಹೋಟೆಲು, ಜಲಕ್ರೀಡೆ, ಅಂಗಡಿಬೀದಿ ಎಲ್ಲವೂ ಇದ್ದವು. ಭಕ್ತನು ಅಲ್ಲಿ ಗಿರಾಕಿಯೂ ಹೌದು. 1,000 ಡಾಲರು ಕೊಟ್ಟವರಿಗೆ ಜೀವಮಾನವಿಡೀ ವರ್ಷಕ್ಕೆ ಮೂರು ರಾತ್ರಿಗಳ ವಾಸ್ತವ್ಯವೆಂಬ ವಾಗ್ದಾನವಿತ್ತು. ಕೋಣೆಗಳು ಸಾಲದಷ್ಟು ಜನರಿಗೆ ಅದನ್ನು ಮಾರಲಾಯಿತು. ಕಳೆದುಕೊಂಡವರು ಸಿರಿವಂತರಲ್ಲ, ಸಾಮಾನ್ಯ ಕುಟುಂಬಗಳವರು. 1987ರಲ್ಲಿ ಬೇಕರನ ಸ್ವಂತ ಪಂಥವೇ ಆತನ ಪಾದ್ರಿತನವನ್ನು ಕಿತ್ತುಕೊಂಡಿತು. 1989ರಲ್ಲಿ ವಂಚನೆಗಾಗಿ ವಿಧಿಸಲಾದ 45 ವರ್ಷಗಳ ಶಿಕ್ಷೆ ಮುಂದೆ ಕಡಿಮೆಯಾಗಿ, 1994ರಲ್ಲಿ ಬಿಡುಗಡೆಯಾಯಿತು. ಐಶ್ವರ್ಯಬೋಧೆ ತಪ್ಪಾಗಿತ್ತೆಂದು ಆತನು 1996ರಲ್ಲಿ ಪುಸ್ತಕವನ್ನೇ ಬರೆದನು.

ಅಧಿಕಾರಕ್ಕೂ ಈ ಬೋಧೆಗೂ ನಂಟು ಬೆಳೆಯಿತು. ಸಕಾರಾತ್ಮಕ ಚಿಂತನೆಯನ್ನು ಬೋಧಿಸಿದ ನಾರ್ಮನ್ ವಿನ್ಸೆಂಟ್ ಪೀಲ್‌ನ ನ್ಯೂಯಾರ್ಕಿನ ಚರ್ಚಿಗೆ ಡೊನಾಲ್ಡ್ ಟ್ರಂಪ್‌ರ ಕುಟುಂಬ ಹೋಗುತ್ತಿತ್ತು. 2017ರಲ್ಲಿ ಟ್ರಂಪ್ ಅಧ್ಯಕ್ಷಪದವಿ ಸ್ವೀಕರಿಸಿದಾಗ ಪ್ರಾರ್ಥನೆ ಸಲ್ಲಿಸಿದವರಲ್ಲಿ ಐಶ್ವರ್ಯಬೋಧಕಿ ಪೌಲಾ ವೈಟ್ ಒಬ್ಬಳು. ಇಂತಹ ಆರು ಸಂಸ್ಥೆಗಳ ಲೆಕ್ಕಪತ್ರಗಳನ್ನು 2007ರಲ್ಲಿ ಕೇಳಿದ ಸೆನೆಟರ್ ಗ್ರಾಸ್ಲಿಯ ವಿಚಾರಣೆ 2011ರಲ್ಲಿ ಯಾರಿಗೂ ದಂಡನೆಯಿಲ್ಲದೆ ಮುಗಿಯಿತು.

ಬೇಕರ್ 2003ರಲ್ಲಿ ದೂರದರ್ಶನಕ್ಕೆ ಮರಳಿ, ಪ್ರಳಯಕಾಲಕ್ಕೆಂದು ಆಹಾರದ ಡಬ್ಬಿಗಳನ್ನು ಮಾರತೊಡಗಿದನು. 2020ರಲ್ಲಿ ಆತನ ಕಾರ್ಯಕ್ರಮದಲ್ಲಿ ಬೆಳ್ಳಿಯ ದ್ರಾವಣವೊಂದನ್ನು ಕೊರೊನಾಕ್ಕೆ ಮದ್ದೆಂಬಂತೆ ಮಾರಲಾಯಿತೆಂದು ಮಿಸೌರಿ ರಾಜ್ಯ ಮೊಕದ್ದಮೆ ಹೂಡಿತು. ತಪ್ಪೊಪ್ಪಿಗೆಯಿಲ್ಲದೆ 2021ರಲ್ಲಿ ರಾಜಿಯಾಯಿತು. ಕೊಂಡವರಿಗೆ ಮರಳಿಸಲು ನಿಗದಿಯಾದದ್ದು ಸುಮಾರು 1,56,000 ಡಾಲರು.