ಮೊಂತ್ರೆಯ್

ಪ್ಯಾರಿಸಿನ ಪೂರ್ವದ ಅಂಚಿಗೆ ತಾಗಿಕೊಂಡಿರುವ ಉಪನಗರ. ಜನಸಂಖ್ಯೆ ಒಂದು ಲಕ್ಷಕ್ಕೂ ಹೆಚ್ಚು.

ಊರಿಗೆ ಮೊದಲು ಹೆಸರು ತಂದದ್ದು ಪೀಚ್ ಹಣ್ಣು. ಬಿಸಿಲು ನಾಡಿನ ಈ ಮರ ಪ್ಯಾರಿಸಿನ ಚಳಿಗೆ ಸುಲಭವಾಗಿ ಒಗ್ಗುವಂಥದ್ದಲ್ಲ. 17ನೇ ಶತಮಾನದಿಂದ ಇಲ್ಲಿನ ರೈತರು ಅದಕ್ಕೆ ಉಪಾಯ ಕಂಡುಕೊಂಡರು. ಹೊಲಗಳನ್ನು ಉದ್ದನೆಯ ಪಟ್ಟಿಗಳಾಗಿ ಸೀಳಿ, ನಡುನಡುವೆ ಆಳೆತ್ತರಕ್ಕೂ ಮಿಗಿಲಾದ ಗೋಡೆ ಕಟ್ಟಿ, ಸ್ಥಳೀಯ ಜಿಪ್ಸಮ್ಮಿನಿಂದ ಮಾಡಿದ ಗಾರೆ ಬಳಿದರು. ಹಗಲು ಬಿಸಿಲು ಹೀರಿದ ಗೋಡೆ ರಾತ್ರಿ ಆ ಕಾವನ್ನು ಮರಕ್ಕೆ ಬಿಟ್ಟುಕೊಡುತ್ತಿತ್ತು. ಕೊಂಬೆಗಳನ್ನು ಬಟ್ಟೆಚೂರುಗಳಿಂದ ಸುತ್ತಿ, ಗಾರೆಗೆ ಮೊಳೆ ಹೊಡೆದು, ಬೀಸಣಿಗೆಯಂತೆ ಹರಡಿಸುತ್ತಿದ್ದರು. ಸಂತೆಗೆ ಹೊರಡುವ ಮುನ್ನ ಹಣ್ಣಿನ ಮೇಲಿನ ನವಿರನ್ನು ಬ್ರಷ್‌ನಿಂದ ಉಜ್ಜಿ ತೆಗೆಯುವುದು ಹೆಚ್ಚಾಗಿ ಹೆಂಗಸರ ಕೆಲಸ. 19ನೇ ಶತಮಾನದ ಏಳಿಗೆಯ ದಿನಗಳಲ್ಲಿ ಇಂಥ ಗೋಡೆಗಳ ಒಟ್ಟು ಉದ್ದ ಸುಮಾರು 600 ಕಿ.ಮೀ. ಇತ್ತು. ಓದುಬರಹಕ್ಕಿಂತ ಕೈಯನುಭವದಿಂದಲೇ ಬೆಳೆದ ಈ ವಿದ್ಯೆ ಫ್ರಾನ್ಸಿನ ತೋಟಗಾರಿಕೆಯ ದೊಡ್ಡ ಸಾಧನೆಗಳಲ್ಲಿ ಒಂದು. ರೈಲು ದಕ್ಷಿಣದ ಅಗ್ಗದ ಹಣ್ಣನ್ನು ರಾಜಧಾನಿಗೆ ತಂದ ಮೇಲೆ ತೋಟಗಳು ಸೊರಗಿದವು. ಉಳಿದದ್ದರಲ್ಲಿ ಸುಮಾರು 8.5 ಹೆಕ್ಟೇರ್ ಪ್ರದೇಶಕ್ಕೆ 2003ರಲ್ಲಿ ಕಾನೂನಿನ ರಕ್ಷಣೆ ದೊರೆಯಿತು. ರಕ್ಷಣೆ ಬರುವಷ್ಟರಲ್ಲಿ ಬಹುಪಾಲು ನೆಲಸಮವಾಗಿತ್ತು.

ತೋಟಗಳ ನಡುವೆ ಕಾರ್ಖಾನೆ, ಮರಗೆಲಸದ ಅಂಗಡಿಗಳು ಎದ್ದವು. ಜ್ಯುಮೊ ಸಂಸ್ಥೆಯ ಪಿಂಗಾಣಿ ಗೊಂಬೆಗಳು ಇಲ್ಲಿ ತಯಾರಾಗುತ್ತಿದ್ದವು. ಚಲನಚಿತ್ರ ನಿರ್ದೇಶಕ ಜಾರ್ಜ್ ಮೆಲಿಯೆಸ್ 1897ರಲ್ಲಿ ತಮ್ಮ ಕುಟುಂಬದ ತೋಟದಲ್ಲಿ ಗಾಜಿನ ಸ್ಟುಡಿಯೊ ಕಟ್ಟಿಸಿದರು. ಚಂದ್ರಯಾನದ ಕಥೆಯುಳ್ಳ ಅವರ 1902ರ ಪ್ರಸಿದ್ಧ ಚಿತ್ರ ತಯಾರಾದದ್ದು ಅಲ್ಲಿಯೇ. ಪಾತೆ ಚಲನಚಿತ್ರ ಕಂಪನಿಯೂ ಇದೇ ಊರಿನಲ್ಲಿ ಸ್ಟುಡಿಯೊ ತೆರೆಯಿತು.

ಕಾರ್ಮಿಕರ ಊರಾದ್ದರಿಂದ ರಾಜಕೀಯವೂ ಎಡಕ್ಕೆ ವಾಲಿತು. 1935ರಲ್ಲಿ ಪುರಸಭೆ ಕಮ್ಯುನಿಸ್ಟರ ಕೈಗೆ ಬಂತು. 1937ರಲ್ಲಿ ಪ್ಯಾರಿಸ್ ಮೆಟ್ರೊದ 9ನೇ ಮಾರ್ಗ ಪುರಭವನದವರೆಗೆ ತಲುಪಿ, ದುಡಿಯುವವರ ದಿನದ ಓಡಾಟವನ್ನು ಹಗುರಗೊಳಿಸಿತು. 1960ರ ದಶಕದಿಂದ ಮಾಲಿ ದೇಶದ, ಅದರಲ್ಲೂ ಕಾಯ್ಸ್ ಸೀಮೆಯ, ಗಂಡಸರು ದುಡಿಮೆಗಾಗಿ ಬಂದು ಕಾರ್ಮಿಕ ವಸತಿಗೃಹಗಳಲ್ಲಿ ನೆಲೆಸಿದರು. ಒಂದೇ ಕೋಣೆಯಲ್ಲಿ ಹಲವರು ಮಲಗಿ, ಅಡುಗೆಯನ್ನು ಒಟ್ಟಾಗಿ ಮಾಡಿಕೊಂಡು, ಉಳಿಸಿದ ಹಣವನ್ನು ತಮ್ಮ ತಾಯ್ನಾಡಿಗೆ ಕಳಿಸುತ್ತಿದ್ದರು. ಅಂಥ ಹಣದಿಂದ ಅಲ್ಲಿನ ಹಳ್ಳಿಗಳಲ್ಲಿ ಶಾಲೆ, ಬಾವಿಗಳಾದವು. ಆದರೂ ಅವರ ವಸತಿಗೃಹಗಳು ದಶಕಗಳ ಕಾಲ ಕಿಕ್ಕಿರಿದು, ದುರಸ್ತಿ ಕಾಣದೆ ಇದ್ದವು.

ಕಾರ್ಖಾನೆಗಳು ಮುಚ್ಚಿದ ಬಳಿಕ ಅವುಗಳ ಕಟ್ಟಡಗಳಿಗೆ ಕಲಾವಿದರು ಬಂದರು. ಅವರ ಬೆನ್ನಿಗೇ ಪ್ಯಾರಿಸಿನ ದುಬಾರಿ ಬಾಡಿಗೆ ತಾಳಲಾರದ ಮಧ್ಯಮವರ್ಗದ ಕುಟುಂಬಗಳು. 1985ರಿಂದ ಇಲ್ಲಿ ನಡೆಯುತ್ತಿರುವ ಮಕ್ಕಳ ಪುಸ್ತಕ ಮೇಳ ಫ್ರಾನ್ಸಿನಲ್ಲೇ ಹೆಸರಾಂತದ್ದು. ಮನೆಗಳ ಬೆಲೆ ಏರುತ್ತ ಹೋದಂತೆ, ಊರನ್ನು ಕಟ್ಟಿದ ಕೂಲಿಕಾರರ ಕುಟುಂಬಗಳಿಗೆ ಇಲ್ಲಿಯೇ ಉಳಿಯುವುದು ಕಷ್ಟವಾಗಿದೆ.