ಸೆರಗಿನಿಂದ ದಿಂಬಿಗೆ ಬಂದ ಗೋಪುರ

ಧಾರವಾಡ ಸೀಮೆಯ ಕಸೂತಿ ಬೆಳೆದದ್ದು ದಿಂಬಿನ ಗವಸಿನ ಮೇಲಲ್ಲ. ಇಳಕಲ್ ಸೀರೆ, ಕುಪ್ಪಸ, ಎಳೆಗೂಸಿನ ಕುಲಾವಿ, ಕುಂಚಿಗೆ – ಇವು ಅದರ ತವರು. ಮದುಮಗಳಿಗೆ ಚಂದ್ರಕಾಳಿ ಸೀರೆ ಕೊಡುತ್ತಿದ್ದ ಮನೆಗಳಲ್ಲಿ ಆ ಕಪ್ಪು ರೇಷ್ಮೆಯ ಮೇಲೆ ಗೋಪುರ, ತೇರು, ಅಂಬಾರಿ ಹೊತ್ತ ಆನೆ, ತುಳಸಿಕಟ್ಟೆ ಮೂಡುತ್ತಿದ್ದವು. ದೊಡ್ಡ ಚಿತ್ತಾರಗಳೆಲ್ಲ ಸೆರಗಿನ ಹತ್ತಿರ. ದೂರ ಸರಿದಂತೆ ಸಣ್ಣವಾಗುತ್ತ ಹೋಗಿ ಕೊನೆಗೆ ಬರೀ ಹೂವು, ಚುಕ್ಕಿ. ದಿಂಬಿಗೆ ನಾನು ಗೋಪುರವನ್ನೇ ಆರಿಸುವುದು ಇದೇ ಕಾರಣಕ್ಕೆ. ಸೆರಗಿನ ಬಳಿಯ ಚಿತ್ತಾರಕ್ಕೆ 16 ಇಂಚಿನ ಚೌಕವನ್ನು ಒಂಟಿಯಾಗಿ ತುಂಬುವ ಗತ್ತು ಇದೆ.

ನಮ್ಮಲ್ಲಿ ಹೊಲಿಗೆಗಳು ನಾಲ್ಕು: ಗವಂತಿ, ಮುರಗಿ, ನೇಯ್ಗೆ, ಮೆಂತೆ. ಗೋಪುರಕ್ಕೆ ಬೇಕಾದದ್ದು ಗವಂತಿ. ಸೂಜಿ ಒಂದು ಹೊಲಿಗೆ ಹಾಕಿ, ಒಂದು ಬಿಟ್ಟು, ಎಳೆ ಎಣಿಸುತ್ತ ಮುಂದೆ ಹೋಗುತ್ತದೆ. ದಾರಿಯಲ್ಲಿ ಕವಲು ಸಿಕ್ಕರೆ ಆ ಕವಲಿಗೂ ಹೋಗಿ ಬರಬೇಕು. ತುದಿ ಮುಟ್ಟಿದ ಮೇಲೆ ಅದೇ ಗೆರೆಯಲ್ಲಿ ಹಿಂದಿರುಗುತ್ತ, ಬಿಟ್ಟ ಜಾಗಗಳನ್ನೆಲ್ಲ ತುಂಬಿ, ಹೊರಟಲ್ಲಿಗೇ ಬಂದು ಸೇರಬೇಕು. ಎಲ್ಲೂ ಗಂಟು ಇರಕೂಡದು. ದಾರದ ತುದಿಯನ್ನು ಹೊಲಿಗೆಯ ಅಡಿಯಲ್ಲೇ ಅಡಗಿಸುತ್ತಾರೆ. ಹೀಗೆ ಮುಗಿದ ಗೋಪುರ ಎರಡೂ ಮಗ್ಗಲಿಗೆ ಒಂದೇ ಥರ ಕಾಣುತ್ತದೆ. ನಾನು ಕಲಿಯುವಾಗ ಅಜ್ಜಿ ಮುಂದಿನ ಭಾಗ ನೋಡುತ್ತಲೇ ಇರಲಿಲ್ಲ. “ಮೊದ್ಲ ಹಿಂದಿನ ಮಗ್ಗಲು ತೋರ್ಸವಾ” ಅನ್ನುತ್ತಿದ್ದಳು.

ಈ ಕಟ್ಟುನಿಟ್ಟಿಗೆ ಕಾರಣ ಸೀರೆಯೇ ಎಂದು ನನಗನಿಸುತ್ತದೆ. ತಲೆಯ ಮೇಲೆ ಹೊದ್ದ ಸೆರಗು ಗಾಳಿಗೆ ಮಗುಚುತ್ತದೆ, ಒಳಮೈ ಊರಿಗೆಲ್ಲ ಕಾಣುತ್ತದೆ. ದಿಂಬಿಗೆ ಆ ಭಯವಿಲ್ಲ.

ಕಸೂತಿ ಮೈಮೇಲಿನ ಬಟ್ಟೆಯಿಂದ ಮನೆಯ ಅಲಂಕಾರಕ್ಕೆ ಸರಿದದ್ದು ಪೇಟೆಯ ಗಿರಾಕಿಗಳಿಂದ. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಹುಟ್ಟಿತು. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಅದರ ನೇತೃತ್ವ ವಹಿಸಿದರು. ಹಳ್ಳಿಯ ಕೈಕೆಲಸಕ್ಕೆ ನಗರದ ಎಂಪೋರಿಯಂಗಳಲ್ಲಿ ಜಾಗ ಸಿಕ್ಕಿತು. ಒಂಬತ್ತು ಗಜದ ಸೀರೆ ಉಡದವರೂ ಮೇಜಿನ ಹಾಸು, ಸೋಫಾದ ದಿಂಬಿನ ಗವಸು ಕೊಳ್ಳುತ್ತಾರಲ್ಲ. ಎಷ್ಟೋ ಹೆಣ್ಣುಮಕ್ಕಳ ಕೈಗೆ ಇದರಿಂದಲೇ ನಾಲ್ಕು ಕಾಸು ಬಂತು. ಅದನ್ನು ನಾನು ಹಗುರವಾಗಿ ನೋಡಲಾರೆ. ಆದರೆ ಒಂದೊಂದು ತುಂಡಿಗೆ ಇಷ್ಟು ಎಂದು ಕೂಲಿ ಕೊಡುವ ಕೆಲಸದಲ್ಲಿ ಹಿಂದಿನ ಮಗ್ಗಲಿಗೆ ಬೆಲೆ ಕಟ್ಟುವವರು ಯಾರು? ದಾರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರಿತು, ಗಂಟುಗಳು ಬಂದವು, ಅದೆಲ್ಲ ಅಸ್ತರಿನ ಕೆಳಗೆ ಮುಚ್ಚಿಹೋಯಿತು. ದೋಷ ಹೊಲಿದವಳದ್ದಲ್ಲ, ಹೊತ್ತಿಗೆ ತಕ್ಕ ಕೂಲಿ ಕೊಡದವರದ್ದು.

ಮನೆಗಾಗಿ ಹೊಲಿಯುವವರಿಗೆ ಆ ಅವಸರ ಯಾಕೆ? ಎಳೆ ಎಣಿಸಲು ಬರುವ ಮ್ಯಾಟಿ ಬಟ್ಟೆ ತನ್ನಿ, ಕಪ್ಪು ಸಿಕ್ಕರೆ ಚಂದ. ಅಂಚಿನ ಹೊಲಿಗೆಗೆ ಸುತ್ತ ಅರ್ಧ ಇಂಚು ಬಿಟ್ಟು 17 ಇಂಚಿನ ಚೌಕ ಕತ್ತರಿಸಿ. ಎರಡೂ ಕಡೆಯಿಂದ ಮಡಚಿ ನಡುವನ್ನು ಗುರುತು ಮಾಡಿ ಅಲ್ಲಿಂದಲೇ ಎಣಿಕೆ ಶುರು ಮಾಡಿ. ಪೆನ್ಸಿಲಿನಿಂದ ಚಿತ್ರ ಬರೆಯುವ ಗೋಜು ಬೇಡ. ಕಸೂತಿಗೆ ಎಣಿಕೆಯೇ ನಕ್ಷೆ. ಬಣ್ಣ ಕೆಂಪು, ಹಸಿರು, ಕಿತ್ತಳೆ, ಬಿಳಿ. ಒಂದು ಎಳೆ ತಪ್ಪಿದರೂ ಗೋಪುರದ ಎಡ ಬಲ ಕೂಡುವುದಿಲ್ಲ, ಅಲ್ಲಿಯವರೆಗೆ ಬಿಚ್ಚಲೇಬೇಕು.

ಕಸೂತಿ ಪೂರ್ತಿಯಾದ ಮೇಲೆಯೇ ಹಿಂಭಾಗ ಜೋಡಿಸಿ. ಒಂದರ ಮೇಲೊಂದು ನಾಲ್ಕು ಇಂಚು ಬರುವಂತೆ ಎರಡು ತುಂಡು ಇಟ್ಟರೆ ಗುಂಡಿ, ಜಿಪ್ಪು ಬೇಡ. ದಿಂಬು ಆ ಸಂದಿಯಿಂದಲೇ ಒಳಗೆ ಹೋಗುತ್ತದೆ. ಗೋಪುರದ ಹಿಂದೆ ಮಾತ್ರ ಅಸ್ತರು ಹಚ್ಚಬೇಡಿ. ಗವಸು ತಿರುವಿ ಒಗೆಯುವವರಿಗೂ ಅದು ಕಾಣಲಿ.